ತುಘಲಕನ ಕಥೆ ಬೇಡ, ಉತ್ತರ ಬೇಕು

ಪರೀಕ್ಷಾ ಕೊಠಡಿಯಲ್ಲಿ ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿಲ್ಲ. ಪ್ರಶ್ನೆಪತ್ರಿಕೆ ಕೈಗೆ ಬಂದು ಐದು ನಿಮಿಷವೂ ಆಗಿಲ್ಲ. ಮೂರನೆಯ ಸಾಲಿನಲ್ಲಿ ಕೂತ ಹುಡುಗಿಯ ಮುಖ ಅರಳಿದೆ. ಕಾದು ಕೂತಿದ್ದ ಪ್ರಶ್ನೆಯೇ ಬಂದಿದೆ. 'ತುಘಲಕನ ವೈಫಲ್ಯಕ್ಕೆ ಅವನ ಆದರ್ಶಗಳು ಎಷ್ಟರಮಟ್ಟಿಗೆ ಕಾರಣ? ಚರ್ಚಿಸಿ.' ಅಂಕ 15. ಗಿರೀಶ ಕಾರ್ನಾಡರ 'ತುಘಲಕ್' ನಾಟಕವನ್ನು ಅವಳು ಎರಡು ಸಲ ಓದಿದ್ದಾಳೆ, ಗೈಡನ್ನು ನಾಲ್ಕು ಸಲ. ಪೆನ್ನು ಓಡತೊಡಗುತ್ತದೆ.

ಮೊದಲ ಪುಟದಲ್ಲಿ ಕಾರ್ನಾಡರು 1938ರಲ್ಲಿ ಹುಟ್ಟಿದ್ದು, 'ಯಯಾತಿ' ಬರೆದದ್ದು, 1998ರಲ್ಲಿ ಜ್ಞಾನಪೀಠ ಬಂದದ್ದು. ಎರಡನೆಯ ಪುಟದಲ್ಲಿ ದೆಹಲಿಯ ನ್ಯಾಯಾಲಯದ ಮುಂದೆ ಜನ ಸೇರಿರುವ ಮೊದಲ ದೃಶ್ಯ. ಆಮೇಲೆ ಎರಡನೆಯ ದೃಶ್ಯ, ಆಮೇಲೆ ಮೂರನೆಯದು. ಹೆಚ್ಚುವರಿ ಹಾಳೆ ಕೇಳಿ ಪಡೆದದ್ದೂ ಆಯಿತು, ದಾರ ಕಟ್ಟಿದ್ದೂ ಆಯಿತು. ನಾಟಕದಲ್ಲಿರುವ ದೃಶ್ಯಗಳು 13. ಅವಳು ಆರನೆಯದನ್ನು ಮುಗಿಸುವ ಹೊತ್ತಿಗೆ ಈ ಪ್ರಶ್ನೆಗೆ ಇಟ್ಟುಕೊಂಡಿದ್ದ ನಲವತ್ತು ನಿಮಿಷ ಕಳೆದುಹೋಗಿದೆ. ದೌಲತಾಬಾದಿನ ಭಾಗವೆಲ್ಲ ನಾಲ್ಕು ಸಾಲಿಗೆ ಇಳಿಯುತ್ತದೆ. 'ಹೀಗೆ ತುಘಲಕನ ಆದರ್ಶಗಳು ವಿಫಲವಾದವು' ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾಳೆ.

ಬಂದ ಅಂಕ 6.

ಮನೆಯಲ್ಲಿ ಅಮ್ಮನಿಗೆ ಆಶ್ಚರ್ಯ. ಎಂಟು ಪುಟ ಬರೆದವಳಿಗೆ ಆರೇ ಅಂಕವೇ? ಪೇಪರ್ ತಿದ್ದಿದವರ ಮೂಡು ಸರಿ ಇರಲಿಲ್ಲವೇನೋ ಎನ್ನುತ್ತಾರೆ ಅಪ್ಪ. ಸಾಹಿತ್ಯ ಅಂದರೆ ಹಾಗೇ, ಲೆಕ್ಕದ ಹಾಗೆ ಎರಡಕ್ಕೆರಡು ನಾಲ್ಕು ಅನ್ನುವಂತಿಲ್ಲವಲ್ಲ ಎಂದು ಪಕ್ಕದ ಮನೆಯವರೂ ಒಂದು ಮಾತು ಸೇರಿಸುತ್ತಾರೆ. ನಷ್ಟವಾಗುವುದು ಇಲ್ಲಿಯೇ. ಕಳೆದುಹೋದ ಒಂಬತ್ತು ಅಂಕಗಳನ್ನು ಮುಂದಿನ ಪರೀಕ್ಷೆಯಲ್ಲಿ ಗಳಿಸಬಹುದು. ಆದರೆ ಸಾಹಿತ್ಯದ ಪತ್ರಿಕೆಯಲ್ಲಿ ಅಂಕ ಬರುವುದು ಅದೃಷ್ಟದಿಂದ ಎಂದು ಒಮ್ಮೆ ನಂಬಿಬಿಟ್ಟ ಮಗು, ಎರಡು ಸಲ ಇಷ್ಟಪಟ್ಟು ಓದಿದ ನಾಟಕವನ್ನು ಮೂರನೆಯ ಸಲ ತೆರೆಯುವುದಿಲ್ಲ. ಗೈಡನ್ನು ಬಾಯಿಪಾಠ ಮಾಡುವುದೇ ಜಾಣತನ ಎಂಬ ತೀರ್ಮಾನಕ್ಕೆ ಬರುತ್ತದೆ.

ನಡೆದದ್ದು ಬಹಳ ಸರಳ. ಹುಡುಗಿ ಪ್ರಶ್ನೆಗೆ ಉತ್ತರ ಬರೆದಿರಲಿಲ್ಲ, ನಾಟಕದ ಕಥೆ ಹೇಳಿದ್ದಳು. ಮೌಲ್ಯಮಾಪಕರು ಆ ನಾಟಕವನ್ನು ಓದಿದವರೇ. ಶಿಹಾಬುದ್ದೀನ ಯಾರು, ನಜೀಬನನ್ನು ಕೊಂದವರು ಯಾರು ಎಂಬುದು ಅವರಿಗೆ ಸುದ್ದಿಯಲ್ಲ. ಅವರು ತಿಳಿಯಬಯಸಿದ್ದು ಬೇರೆಯೇ.

ಬಿಳಿ ಪುಡಿಯಲ್ಲಿ ಏನಿದೆ?

ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಯ ಕೈಗೆ ಒಂದು ಬಿಳಿ ಪುಡಿ ಕೊಡುತ್ತಾರೆ. ಇದರಲ್ಲಿ ಯಾವ ಲವಣವಿದೆ ಎಂಬುದು ಪ್ರಶ್ನೆ. ಪುಡಿ ಬೆಳ್ಳಗಿದೆ, ಅದನ್ನು ಪ್ರನಾಳಕ್ಕೆ ಹಾಕಿದೆ, ನೀರು ಸೇರಿಸಿದೆ, ಅಲುಗಾಡಿಸಿದೆ, ಆಮೇಲೆ ದೀಪ ಹಚ್ಚಿದೆ ಎಂದು ಎಂಟು ಪುಟ ಬರೆದರೂ ಅಲ್ಲಿ ಅಂಕ ಸಿಗುವುದಿಲ್ಲ. ಇದರಲ್ಲಿ ಕ್ಲೋರೈಡ್ ಇದೆ ಎಂದು ಹೇಳಬೇಕು. ಸಿಲ್ವರ್ ನೈಟ್ರೇಟ್ ದ್ರಾವಣ ಹಾಕಿದಾಗ ಮೊಸರಿನಂಥ ಬಿಳಿ ಪ್ರಕ್ಷೇಪ ಬಂತು, ಅದು ಅಮೋನಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿತು ಎಂದು ತೋರಿಸಬೇಕು. ಮಾಡಿದ್ದು, ಕಂಡದ್ದು, ಅದರಿಂದ ತಿಳಿದದ್ದು, ಹೀಗೆ ರೆಕಾರ್ಡ್ ಪುಸ್ತಕದಲ್ಲಿ ಮೂರು ಕಲಮುಗಳು. ಮೂರನೆಯ ಕಲಮು ಖಾಲಿ ಬಿಟ್ಟ ಹುಡುಗನಿಗೆ ಯಾವ ಮೇಷ್ಟ್ರೂ ಪೂರ್ತಿ ಅಂಕ ಕೊಡಲಾರರು.

ನಾಟಕದ ಮೇಲಿನ ಉತ್ತರವೂ ಇದಕ್ಕಿಂತ ಬಹಳ ಭಿನ್ನವಲ್ಲ. ದೃಶ್ಯದಲ್ಲಿ ನಡೆದದ್ದು ವೀಕ್ಷಣೆ, ಅದರಿಂದ ಏನು ಸಿದ್ಧವಾಗುತ್ತದೆ ಎಂಬುದು ನಿರ್ಣಯ. ನಮ್ಮ ಹುಡುಗಿಯ ಎಂಟು ಪುಟಗಳಲ್ಲಿ ಇದ್ದದ್ದೆಲ್ಲ ಎರಡನೆಯ ಕಲಮಿನ ಸರಕು. ವ್ಯತ್ಯಾಸ ಒಂದಿದೆ. ಪುಡಿಯಲ್ಲಿ ಕ್ಲೋರೈಡ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ತುಘಲಕನ ಬಗ್ಗೆ ಇಬ್ಬರು ವಿದ್ಯಾರ್ಥಿಗಳು ತದ್ವಿರುದ್ಧ ನಿರ್ಣಯಕ್ಕೆ ಬಂದು ಇಬ್ಬರೂ 12 ಅಂಕ ಪಡೆಯಬಹುದು. ಇದನ್ನು ನೋಡಿಯೇ ಜನ ಅದೃಷ್ಟ ಎನ್ನುವುದು. ಅದು ಅದೃಷ್ಟವಲ್ಲ. ಇಬ್ಬರೂ ತಮ್ಮ ತಮ್ಮ ನಿರ್ಣಯಕ್ಕೆ ನಾಟಕದೊಳಗಿನಿಂದಲೇ ಸಾಕ್ಷ್ಯ ಒದಗಿಸಿರುತ್ತಾರೆ.

ಪ್ರಶ್ನೆಯಲ್ಲೇ ಇರುವ ಜಗಳ

ಪೆನ್ನು ಉತ್ತರ ಪತ್ರಿಕೆಗೆ ತಗುಲುವ ಮೊದಲು ಪ್ರಶ್ನೆಯನ್ನು ಮೂರು ಸಲ ಓದಬೇಕು. 'ತುಘಲಕನ ಪಾತ್ರವನ್ನು ಚಿತ್ರಿಸಿ' ಎಂದಿದ್ದರೆ ಒಂದು ದಾರಿ. 'ಎಷ್ಟರಮಟ್ಟಿಗೆ ಕಾರಣ' ಎಂದಿರುವಾಗ ಅಲ್ಲಿ ಒಂದು ಜಗಳವಿದೆ. ಆದರ್ಶಗಳೇ ಕಾರಣ ಎನ್ನುವವರಿದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ, ನೀನು ಯಾವ ಕಡೆ ಎಂದು ಕೇಳುತ್ತಿದ್ದಾರೆ. 'ವಿವರಿಸಿ', 'ಚರ್ಚಿಸಿ', 'ಸಮರ್ಥಿಸಿ' ಎಂಬ ಕ್ರಿಯಾಪದಗಳನ್ನು ಪ್ರಶ್ನೆಪತ್ರಿಕೆ ತಯಾರಿಸುವವರು ಸುಮ್ಮನೆ ಬದಲಾಯಿಸುವುದಿಲ್ಲ. 'ಚರ್ಚಿಸಿ' ಎಂದರೆ ಎದುರು ಪಕ್ಷದ ಮಾತಿಗೂ ಜಾಗ ಕೊಡಬೇಕು. 'ಸಮರ್ಥಿಸಿ' ಎಂದರೆ ಪಕ್ಷವನ್ನು ಅವರೇ ಕೊಟ್ಟಿದ್ದಾರೆ, ಆಧಾರ ಹುಡುಕಿದರೆ ಸಾಕು.

ಈಗ ಪಕ್ಷ ಹಿಡಿಯುವುದು. ಆದರ್ಶವೇ ಅವನನ್ನು ಕೆಡಿಸಿತು ಎನ್ನಬಹುದು. ಇಲ್ಲ, ಅವನ ಕಾಲದ ಜನ, ಅಮೀರರು, ಅಧಿಕಾರಿಗಳು ಕೆಡಿಸಿದರು ಎನ್ನಬಹುದು. ಎರಡಕ್ಕೂ ಆಧಾರವಿದೆ. ನಾಟಕವನ್ನು ಗಮನವಿಟ್ಟು ಓದಿದ ವಿದ್ಯಾರ್ಥಿಗೆ ಮೂರನೆಯದೊಂದು ಹೊಳೆಯುತ್ತದೆ. ಆದರ್ಶ ತಪ್ಪಾಗಿರಲಿಲ್ಲ, ಆದರೆ ಅದನ್ನು ಜಾರಿಗೆ ತರಲು ಅವನು ಬಳಸಿದ ದಾರಿ ಆ ಆದರ್ಶವನ್ನೇ ತಿಂದುಹಾಕಿತು. ಈ ಮೂರನೆಯದೇ ಸರಿ ಎಂದಲ್ಲ. ಹೆಚ್ಚು ದೃಶ್ಯಗಳನ್ನು ಒಟ್ಟಿಗೆ ಹಿಡಿದಿಡಬಲ್ಲ ನಿಲುವು ಇದು ಎಂಬ ಕಾರಣಕ್ಕೆ ಪರೀಕ್ಷೆಗೆ ಅನುಕೂಲ.

ಈ ನಿಲುವನ್ನು ಒಂದೇ ವಾಕ್ಯದಲ್ಲಿ ಕಚ್ಚಾ ಪುಟದ ತಲೆಯ ಮೇಲೆ ಬರೆದುಕೊಳ್ಳಬೇಕು. ಒಂದು ವಾಕ್ಯದಲ್ಲಿ ಹೇಳಲು ಬಾರದಿದ್ದರೆ ವಿದ್ಯಾರ್ಥಿಗೆ ಇನ್ನೂ ನಿಲುವು ಸಿಕ್ಕಿಲ್ಲ ಎಂದೇ ಅರ್ಥ, ಇನ್ನೊಂದು ನಿಮಿಷ ಯೋಚಿಸಬೇಕು. ಸುತ್ತಲಿನವರೆಲ್ಲ ಬರೆಯುತ್ತಿರುವಾಗ ಸುಮ್ಮನೆ ಕೂರುವುದು ಕಷ್ಟ. ಆದರೂ ಕೂರಬೇಕು.

ಪ್ರಾರ್ಥನೆಯ ಎಳೆ

ನಿಲುವಿಗೆ ಸಾಕ್ಷ್ಯ ಎಲ್ಲಿಂದ ತರುವುದು? ದೃಶ್ಯಗಳ ಅನುಕ್ರಮದಲ್ಲಿ ಹುಡುಕಿದರೆ ಮತ್ತೆ ಕಥೆಯೇ ಬಂದೀತು. ಅದರ ಬದಲು ನಾಟಕದ ಈ ತುದಿಯಿಂದ ಆ ತುದಿಯವರೆಗೆ ಹಾಯ್ದುಹೋಗುವ ಒಂದು ಎಳೆಯನ್ನು ಹಿಡಿಯಬೇಕು. 'ತುಘಲಕ್' ನಾಟಕದಲ್ಲಿ ಅಂಥ ಎಳೆಗಳು ಹಲವು, ಎಲ್ಲಕ್ಕಿಂತ ಗಟ್ಟಿಯಾದದ್ದು ಪ್ರಾರ್ಥನೆ.

ಸುಲ್ತಾನ ಐದು ಹೊತ್ತಿನ ಪ್ರಾರ್ಥನೆಯನ್ನು ಕಡ್ಡಾಯ ಮಾಡಿದ್ದಾನೆ. ಮೊದಲ ದೃಶ್ಯದ ಜನ ಅದರ ಬಗ್ಗೆ ಮಾತಾಡಿಕೊಳ್ಳುತ್ತಾರೆ. ಮಾಡದಿದ್ದರೆ ಅಧಿಕಾರಿಗಳು ಹಿಡಿಯುತ್ತಾರೆ. ಆದರೆ ಅದೇ ಜನರ ಬಾಯಲ್ಲಿ ಇನ್ನೊಂದು ಗುಸುಗುಸು ಇದೆ. ಈ ಸುಲ್ತಾನ ತನ್ನ ತಂದೆಯನ್ನೂ ತಮ್ಮನನ್ನೂ ಕೊಲ್ಲಿಸಿದ್ದು ಪ್ರಾರ್ಥನೆಯ ಹೊತ್ತಿನಲ್ಲೇ ಎಂದು. ಮುಂದೆ ಶಿಹಾಬುದ್ದೀನ ಮತ್ತು ಅಮೀರರು ಸುಲ್ತಾನನನ್ನು ಮುಗಿಸಲು ಹೊತ್ತು ಆರಿಸುವಾಗ ಆರಿಸುವುದು ಪ್ರಾರ್ಥನೆಯ ಹೊತ್ತನ್ನೇ. ಸಂಚು ಒಡೆದು, ಸುಲ್ತಾನ ತನ್ನ ಕೈಯಿಂದಲೇ ಶಿಹಾಬುದ್ದೀನನನ್ನು ಇರಿಯುತ್ತಾನೆ. ಕೂಡಲೇ ರಾಜ್ಯದಲ್ಲಿ ಪ್ರಾರ್ಥನೆ ನಿಷೇಧ. ಐದು ವರ್ಷ ಕಳೆದು ದೌಲತಾಬಾದಿನಲ್ಲಿ ಜನ ಹಸಿವಿನಿಂದ ಸಾಯುತ್ತಿರುವಾಗ, ಖಲೀಫನ ವಂಶದವನೆಂದು ಹೇಳಿಕೊಂಡು ಬರುವ ಅತಿಥಿಯ ಆಗಮನದೊಂದಿಗೆ ಪ್ರಾರ್ಥನೆ ಮತ್ತೆ ಆರಂಭವಾಗಲಿದೆ ಎಂಬ ಘೋಷಣೆ. ಬಂದವನು ನಿಜವಾದ ಅತಿಥಿಯೂ ಅಲ್ಲ, ಅವನನ್ನು ಕೊಂದು ಅವನ ವೇಷ ಹಾಕಿದ ಅಜೀಜ. ಕೊನೆಗೆ ಪ್ರಾರ್ಥನೆಯ ಕರೆ ಕೇಳಿಬರುವಾಗ ಸುಲ್ತಾನ ನಿದ್ದೆಗೆ ಜಾರಿರುತ್ತಾನೆ.

ಇಷ್ಟು ಬರೆದರೂ ಇದಿನ್ನೂ ಎರಡನೆಯ ಕಲಮೇ. ಮೂರನೆಯ ಕಲಮು ಹೀಗೆ: ಭಕ್ತಿಯಿಂದ ಬರಬೇಕಾದ್ದನ್ನು ಅವನು ಅಪ್ಪಣೆಯಿಂದ ತರಿಸಿದ. ಅಪ್ಪಣೆಯಾದ ಮೇಲೆ ಅದು ಯಾರ ಕೈಗಾದರೂ ಸಿಗುವ ಸಾಧನವಾಯಿತು. ಅಮೀರರ ಕೈಯಲ್ಲಿ ಕತ್ತಿ ಬಚ್ಚಿಡುವ ಜಾಗವಾಯಿತು, ಅವನದೇ ಕೈಯಲ್ಲಿ ಒಮ್ಮೆ ಶಿಕ್ಷೆ, ಇನ್ನೊಮ್ಮೆ ಹಬ್ಬದ ಅಲಂಕಾರವಾಯಿತು.

ಒಂದೇ ಪರೀಕ್ಷೆಯಿಂದ ಲವಣ ಇಂಥದ್ದೇ ಎಂದು ಘೋಷಿಸುವುದಿಲ್ಲ, ಖಚಿತಪಡಿಸುವ ಇನ್ನೊಂದು ಪರೀಕ್ಷೆ ಬೇಕು. ಆ ಕೆಲಸಕ್ಕೆ ಅಜೀಜನಿದ್ದಾನೆ. ಈ ಅಗಸರವನನ್ನು ಬಹಳ ವಿದ್ಯಾರ್ಥಿಗಳು ನಗಿಸಲು ಬಂದ ಪಾತ್ರವೆಂದು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಗೈಡುಗಳೂ ಅವನಿಗೆ ಅಂಥ ಮರ್ಯಾದೆ ಕೊಡುವುದಿಲ್ಲ. ಕಚ್ಚಾ ಪುಟದಲ್ಲಿ ಎಡಗಡೆ ಸುಲ್ತಾನನ ಯೋಜನೆಗಳನ್ನೂ ಬಲಗಡೆ ಅಜೀಜನ ಕೆಲಸಗಳನ್ನೂ ಬರೆದು ನೋಡಿದರೆ ಅವನ ನಿಜವಾದ ಎತ್ತರ ತಿಳಿಯುತ್ತದೆ. ಸುಲ್ತಾನನ ಮೇಲೂ ಪ್ರಜೆ ದಾವೆ ಹೂಡಬಹುದೆಂಬ ನ್ಯಾಯ ಬಂತು, ಅಜೀಜ ವಿಷ್ಣುಪ್ರಸಾದನೆಂಬ ಬ್ರಾಹ್ಮಣನ ವೇಷದಲ್ಲಿ ದಾವೆ ಗೆದ್ದು 500 ಬೆಳ್ಳಿ ದಿನಾರುಗಳನ್ನೂ ಸರ್ಕಾರಿ ನೌಕರಿಯನ್ನೂ ಪಡೆದ. ರಾಜಧಾನಿಯ ವರ್ಗಾವಣೆ ಬಂತು, ದಾರಿಯಲ್ಲಿ ಸಾಯುತ್ತಿರುವ ಮಗುವಿನ ತಾಯಿಯಿಂದ ಲಂಚ ಕೇಳಿದ. ತಾಮ್ರದ ನಾಣ್ಯ ಬಂತು, ಖೋಟಾ ನಾಣ್ಯಕ್ಕೆ ಕೈಹಾಕಿದ. ಪ್ರಾರ್ಥನೆ ಮರಳಿ ಬಂತು, ಧರ್ಮಗುರುವಿನ ವೇಷದಲ್ಲಿ ಅವನೇ ಬಂದ. ನಾಲ್ಕು ಯೋಜನೆ, ನಾಲ್ಕು ವೇಷ. ಸಿಕ್ಕಿಬಿದ್ದಾಗ ಸುಲ್ತಾನ ಅವನಿಗೆ ಮರಣದಂಡನೆ ಕೊಡದೆ ದಖ್ಖನಿನಲ್ಲಿ ಅಧಿಕಾರ ಕೊಟ್ಟು ಕಳಿಸುತ್ತಾನೆ. ಏಕೆ? ಈ 'ಏಕೆ'ಗೆ ವಿದ್ಯಾರ್ಥಿ ಸ್ವಂತವಾಗಿ ನಾಲ್ಕು ಸಾಲು ಬರೆದರೆ ಉತ್ತರ ಪತ್ರಿಕೆ ತಿದ್ದುವವರು ಕನ್ನಡಕ ಸರಿಮಾಡಿಕೊಂಡು ಓದುತ್ತಾರೆ. ತನ್ನ ಆದರ್ಶಗಳನ್ನು ಅಕ್ಷರಶಃ ಅರ್ಥಮಾಡಿಕೊಂಡ ಏಕೈಕ ಪ್ರಜೆ ಇವನೇ ಎಂದು ಸುಲ್ತಾನನಿಗೆ ಕಂಡಿರಬಹುದು. ಇವನನ್ನು ಶಿಕ್ಷಿಸಲು ತನಗೇನು ಹಕ್ಕು ಎನಿಸಿರಬಹುದು. ಎರಡಕ್ಕೂ ನಾಟಕದಲ್ಲಿ ಜಾಗವಿದೆ.

ಎದುರು ಪಕ್ಷಕ್ಕೆ ಒಂದು ಪ್ಯಾರಾ

'ಚರ್ಚಿಸಿ' ಎಂದಿರುವುದರಿಂದ ತನ್ನ ನಿಲುವಿಗೆ ಒಗ್ಗದ ದೃಶ್ಯವನ್ನು ವಿದ್ಯಾರ್ಥಿಯೇ ಎದುರಿಗೆ ತಂದಿಡಬೇಕು. ಸುಲ್ತಾನನ ವಿರುದ್ಧ ದಂಡೆತ್ತಿ ಬಂದ ಐನ್-ಉಲ್-ಮುಲ್ಕನನ್ನು ಅವನು ಕ್ಷಮಿಸಿ ಅವನ ಪ್ರಾಂತವನ್ನು ಅವನಿಗೇ ಬಿಟ್ಟುಕೊಡುತ್ತಾನೆ. ದಾರಿಯೇ ಆದರ್ಶವನ್ನು ತಿಂದಿತು ಎಂಬ ಮಾತಿಗೆ ಇದು ಅಡ್ಡ ಬರುವುದಿಲ್ಲವೇ? ಬರುತ್ತದೆ. ಅದನ್ನು ಮುಚ್ಚಿಡುವ ಬದಲು ಪಕ್ಕದ ಸಂಗತಿಯನ್ನೂ ಇಡಬೇಕು. ಅದೇ ಪ್ರಸಂಗದಲ್ಲಿ ಸುಲ್ತಾನ ಶೇಖ್ ಇಮಾಮುದ್ದೀನರನ್ನು ಶಾಂತಿದೂತರಾಗಿ ಕಳಿಸುತ್ತಾನೆ. ಅವರು ನೋಡಲು ಸುಲ್ತಾನನನ್ನೇ ಹೋಲುತ್ತಾರೆ, ಮೈಮೇಲೆ ರಾಜಪೋಷಾಕು, ಕೂರಿಸಿದ್ದು ಆನೆಯ ಮೇಲೆ. ಸುಲ್ತಾನನೆಂದು ತಿಳಿದು ವೈರಿಗಳು ಅವರನ್ನು ಕೊಲ್ಲುತ್ತಾರೆ. ಒಬ್ಬನಿಗೆ ಕ್ಷಮೆ, ಅದಕ್ಕೂ ಮೊದಲು ಇನ್ನೊಬ್ಬರ ಬಲಿ.

ಮಲತಾಯಿಯ ಪ್ರಸಂಗವನ್ನೂ ವಿದ್ಯಾರ್ಥಿಗಳು ಮರೆಯುತ್ತಾರೆ, ಯಾಕೋ ಗೊತ್ತಿಲ್ಲ. ನಜೀಬನನ್ನು ಕೊಲ್ಲಿಸಿದ್ದು ತಾನೇ ಎಂದು ಅವಳು ಒಪ್ಪಿಕೊಂಡಾಗ ಅವಳನ್ನು ಕಲ್ಲೆಸೆದು ಕೊಲ್ಲುವಂತೆ ಸುಲ್ತಾನ ಆಜ್ಞೆ ಮಾಡುತ್ತಾನೆ. ರಾಜ್ಯದ ಒಳಿತಿಗಾಗಿ ಕೊಲ್ಲುವುದನ್ನು ಅವಳು ಕಲಿತದ್ದು ಅವನಿಂದಲೇ ಅಲ್ಲವೇ? ಎಲ್ಲರಿಗೂ ಸಮಾನ ನ್ಯಾಯ ಎಂದು ಮೊದಲ ದೃಶ್ಯದಲ್ಲಿ ಹೇಳಿದ ದೊರೆ ಇಲ್ಲಿ ಆ ಮಾತನ್ನು ಉಳಿಸಿಕೊಂಡನೋ ಕಳೆದುಕೊಂಡನೋ? ಯಾವ ಪಕ್ಷ ಹಿಡಿದವರಿಗೂ ಈ ದೃಶ್ಯ ಉಪಯೋಗಕ್ಕೆ ಬರುತ್ತದೆ.

ಬಿಡುವುದನ್ನೂ ಕಲಿಯಬೇಕು. ದೌಲತಾಬಾದಿನ ಕೋಟೆಯ ಮೇಲೆ ರಾತ್ರಿ ಯುವ ಕಾವಲುಗಾರನೊಡನೆ ಸುಲ್ತಾನ ತನ್ನ ಹರೆಯದ ಕನಸುಗಳನ್ನು ನೆನೆಯುವ ದೃಶ್ಯ ಇಡೀ ನಾಟಕದಲ್ಲೇ ಅತ್ಯಂತ ಸುಂದರವಾದದ್ದು. ಆದರೆ ಈ ಪ್ರಶ್ನೆಗೆ ಅದರಿಂದ ಸಿಗುವುದು ಒಂದು ವಾಕ್ಯ ಮಾತ್ರ. ಇಷ್ಟವಾಯಿತೆಂದು ಒಂದು ಪುಟ ಬರೆದರೆ ಅಜೀಜನಿಗೆ ಜಾಗವಿರುವುದಿಲ್ಲ.

ಇತಿಹಾಸದ ಪತ್ರಿಕೆ ಇದಲ್ಲ

ಚೆನ್ನಾಗಿ ಓದುವ ವಿದ್ಯಾರ್ಥಿಗಳೇ ಬೀಳುವ ಹಳ್ಳವೊಂದಿದೆ. ಮಹಮ್ಮದ್ ಬಿನ್ ತುಘಲಕ್ ಆಳಿದ್ದು 1325ರಿಂದ 1351ರವರೆಗೆ. ಅವನು ಸತ್ತದ್ದು ಸಿಂಧ್ ಪ್ರಾಂತದ ಥಟ್ಟಾ ಬಳಿ. ಸಂಕೇತ ನಾಣ್ಯಗಳು ಚಲಾವಣೆಯಲ್ಲಿದ್ದದ್ದು 1330ರ ಸುಮಾರಿಗೆ, ಎರಡು ಮೂರು ವರ್ಷ ಮಾತ್ರ. ಇಬ್ನ್ ಬತೂತ ಅವನ ಆಸ್ಥಾನಕ್ಕೆ ಬಂದಿದ್ದ. ಇದೆಲ್ಲ ನಿಜ, ಇತಿಹಾಸದ ಪತ್ರಿಕೆಯಲ್ಲಿ ಅಂಕವೂ ಉಂಟು. ಆದರೆ ಕಾರ್ನಾಡರ ನಾಟಕ 1327ರಲ್ಲಿ ದೆಹಲಿಯಲ್ಲಿ ಆರಂಭವಾಗಿ, ದೌಲತಾಬಾದಿನ ದಾರಿಯಲ್ಲಿ ಸಾಗಿ, ಐದು ವರ್ಷಗಳ ನಂತರ ದೌಲತಾಬಾದಿನ ಕೋಟೆಯಲ್ಲಿ ಮುಗಿಯುತ್ತದೆ. ನಾಟಕದಲ್ಲಿ ತುಘಲಕ್ ಸಾಯುವುದೇ ಇಲ್ಲ! 'ಕೊನೆಗೆ ತುಘಲಕನು ಮರಣ ಹೊಂದಿದನು' ಎಂದು ಬರೆದ ಉತ್ತರ, ನಾಟಕ ಓದಿಲ್ಲವೆಂದು ತಾನೇ ಸಹಿ ಹಾಕಿಕೊಟ್ಟಂತೆ.

ಬರನಿಯದೂ ಇದೇ ಕಥೆ. ನಾಟಕದ ಬರನಿ ಸುಲ್ತಾನನ ಕ್ರೌರ್ಯಕ್ಕೆ ಬೆದರಿ, ತಾಯಿ ತೀರಿಕೊಂಡ ಸುದ್ದಿ ಹೇಳಿ ಅಪ್ಪಣೆ ಬೇಡಿ ಹೊರಟುಹೋಗುತ್ತಾನೆ. ಇತಿಹಾಸದ ಜಿಯಾವುದ್ದೀನ್ ಬರನಿ ಹಲವು ವರ್ಷ ಅವನ ಆಸ್ಥಾನದಲ್ಲೇ ಇದ್ದು, ಮುಂದೆ ಫಿರೋಜ್ ಶಾ ಕಾಲದಲ್ಲಿ ಗ್ರಂಥ ಬರೆದವನು. ಸಂಕೇತ ನಾಣ್ಯದ ಕಾಲದಲ್ಲಿ ಮನೆಮನೆಯೂ ಟಂಕಸಾಲೆಯಾಯಿತೆಂಬರ್ಥದ ಮಾತು ಅವನದೇ. ಈ ಇಬ್ಬರನ್ನು ಬೆರೆಸಬಾರದು. ನಾಟಕಕಾರ ಎಲ್ಲಿ ಇತಿಹಾಸದಿಂದ ಸರಿದಿದ್ದಾನೆ ಎಂಬುದನ್ನು ಗುರುತಿಸಿ, ಹಾಗೆ ಸರಿದದ್ದರಿಂದ ನಾಟಕಕ್ಕೆ ಏನು ದೊರೆಯಿತು ಎಂದು ಒಂದು ಸಾಲು ಬರೆದರೆ ಮಾತ್ರ ಇತಿಹಾಸಕ್ಕೆ ಇಲ್ಲಿ ಬೆಲೆ.

ವಿಮರ್ಶಕರ ಹೆಸರುಗಳೂ ಹಾಗೆಯೇ. 1972ರಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದಕ್ಕೆ ಮುನ್ನುಡಿ ಬರೆದ ಯು.ಆರ್. ಅನಂತಮೂರ್ತಿಯವರು, ನೆಹರೂ ಯುಗದ ಆದರ್ಶಗಳ ನಂತರ ಬಂದ ಭ್ರಮನಿರಸನದ ಛಾಯೆಯನ್ನು ಈ ನಾಟಕದಲ್ಲಿ ಗುರುತಿಸಿದರು. ಈ ಮಾತು ಗೈಡಿನಿಂದ ಗೈಡಿಗೆ ಹಾರುತ್ತ, 'ನೆಹರೂ ನಿಧನದಿಂದ ನೊಂದು ಕಾರ್ನಾಡರು ಈ ನಾಟಕ ಬರೆದರು' ಎಂಬ ಮಟ್ಟಕ್ಕೂ ಇಳಿದೀತು. ನೆಹರೂ ತೀರಿಕೊಂಡದ್ದು 1964ರ ಮೇ ತಿಂಗಳಲ್ಲಿ, ನಾಟಕ ಅಚ್ಚಾದದ್ದೂ ಅದೇ 1964ರಲ್ಲಿ. ವಿಮರ್ಶಕರ ಮಾತು ವಿದ್ಯಾರ್ಥಿಯ ನಿಲುವಿಗೆ ಊರುಗೋಲಾಗುವುದಾದರೆ ಒಂದು ಸಾಲು ಇರಲಿ, ತೋರಣವಾಗಿ ಬೇಡ.

'ಆಮೇಲೆ' ಎಷ್ಟು ಸಲ?

ಒಂದೇ ಪ್ರಸಂಗವನ್ನು ಎರಡು ರೀತಿ ಬರೆಯಬಹುದು. ಮೊದಲನೆಯದು:

'ಆಮೇಲೆ ಶಿಹಾಬುದ್ದೀನ ಮತ್ತು ಅಮೀರರು ಸೇರಿ ಸುಲ್ತಾನನನ್ನು ಕೊಲ್ಲಲು ಸಂಚು ಮಾಡುತ್ತಾರೆ. ಪ್ರಾರ್ಥನೆಯ ಸಮಯದಲ್ಲಿ ಕೊಲ್ಲಬೇಕೆಂದು ತೀರ್ಮಾನಿಸುತ್ತಾರೆ. ಆದರೆ ಸುಲ್ತಾನನಿಗೆ ಮೊದಲೇ ತಿಳಿದಿರುತ್ತದೆ. ಅವನು ಶಿಹಾಬುದ್ದೀನನನ್ನು ಕೊಲ್ಲುತ್ತಾನೆ. ಆಮೇಲೆ ಪ್ರಾರ್ಥನೆಯನ್ನು ನಿಷೇಧಿಸುತ್ತಾನೆ.'

ಇದರಲ್ಲಿ ತಪ್ಪು ಒಂದೂ ಇಲ್ಲ, ಉತ್ತರವೂ ಇಲ್ಲ. ಎರಡನೆಯದು:

'ತುಘಲಕನ ಆದರ್ಶಗಳು ಸೋಲುವುದು ಅವು ಜನರ ಮನಸ್ಸನ್ನು ಸೇರದೆ ಅಪ್ಪಣೆಗಳಾಗಿಯೇ ಉಳಿದದ್ದರಿಂದ. ಕಡ್ಡಾಯವಾದ ಪ್ರಾರ್ಥನೆಯಲ್ಲಿ ಭಕ್ತಿ ಇಲ್ಲ ಎಂಬುದಕ್ಕೆ ಅಮೀರರು ಅದೇ ಹೊತ್ತನ್ನು ಕೊಲೆಗೆ ಆರಿಸಿಕೊಂಡದ್ದೇ ಸಾಕ್ಷಿ. ಅವರನ್ನು ದಂಡಿಸಿದ ಮೇಲೆ ಸುಲ್ತಾನ ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ. ಹೇರಿದವನೂ ಅವನೇ, ತೆಗೆದವನೂ ಅವನೇ. ಪ್ರಜೆಗಳ ನಂಬಿಕೆಗೆ ಎರಡೂ ಸಲ ಬೆಲೆ ಇರಲಿಲ್ಲ.'

ಉದ್ದದಲ್ಲಿ ಎರಡಕ್ಕೂ ಹೆಚ್ಚು ಅಂತರವಿಲ್ಲ. ಎರಡನೆಯದರ ಮೊದಲ ವಾಕ್ಯ ಕಾರಣ ಹೇಳುತ್ತದೆ, ನಡುವಿನವು ದೃಶ್ಯವನ್ನು ಸಾಕ್ಷಿ ಕರೆಯುತ್ತವೆ, ಕೊನೆಯವು ಮತ್ತೆ ಪ್ರಶ್ನೆಯ ಕಡೆ ಮುಖ ಮಾಡುತ್ತವೆ. ಮನೆಯಲ್ಲಿ ಅಭ್ಯಾಸಕ್ಕೆ ಬರೆದ ಉತ್ತರದಲ್ಲಿ 'ಆಮೇಲೆ', 'ನಂತರ', 'ತರುವಾಯ' ಎಷ್ಟು ಸಲ ಬಂದಿವೆ, 'ಏಕೆಂದರೆ', 'ಆದರೂ', 'ಇದರಿಂದ' ಎಷ್ಟು ಸಲ ಬಂದಿವೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ಎಣಿಸಿದರೆ ಉತ್ತರದ ಆರೋಗ್ಯ ತಿಳಿಯುತ್ತದೆ. ಪ್ರತಿ ಪ್ಯಾರಾದ ಮೊದಲ ವಾಕ್ಯಗಳನ್ನಷ್ಟೇ ಒಂದರ ಕೆಳಗೊಂದು ಓದಿದರೂ ವಾದ ಅರ್ಥವಾಗಬೇಕು.

ನಾಟಕದ ಮಾತುಗಳನ್ನು ಹಾಗೆಯೇ ಉದ್ಧರಿಸಬೇಕೇ ಎಂದು ಕೇಳುವವರಿದ್ದಾರೆ. ಖಚಿತವಾಗಿ ನೆನಪಿರುವ ಸಣ್ಣ ಮಾತಿದ್ದರೆ ಸರಿ. ಅರೆಬರೆ ನೆನಪಿದ್ದರೆ ಉದ್ಧರಣ ಚಿಹ್ನೆ ಹಾಕದೆ ಸಾರವನ್ನು ಸ್ವಂತ ವಾಕ್ಯದಲ್ಲಿ ಹೇಳುವುದು ಮೇಲು. ದೃಶ್ಯದ ಸಂಖ್ಯೆ ಮರೆತರೂ ಚಿಂತೆಯಿಲ್ಲ, ಯಾವ ಪ್ರಸಂಗವೆಂದು ತಿಳಿಯುವಂತಿದ್ದರೆ ಸಾಕು.

ಊಟದ ಹೊತ್ತಿನ ಪಾಠ

ಸಮಯದ ಲೆಕ್ಕ ಹಾಕಲು ಗಡಿಯಾರವೊಂದೇ ದಾರಿ. ಹತ್ತು ನಿಮಿಷ ಎಡೆಬಿಡದೆ ಬರೆದು, ಎಷ್ಟು ಸಾಲು ಆಯಿತೆಂದು ಎಣಿಸಿಕೊಳ್ಳಬೇಕು. ಪ್ರತಿಯೊಬ್ಬರ ಕೈವೇಗ ಬೇರೆ. 40 ನಿಮಿಷದ ಪ್ರಶ್ನೆಯಲ್ಲಿ ಆರೇಳು ನಿಮಿಷ ಯೋಜನೆಗೆ, ನಾಲ್ಕು ನಿಮಿಷ ಓದಿ ನೋಡುವುದಕ್ಕೆ ಬಿಟ್ಟರೆ ಉಳಿಯುವುದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಹೆಚ್ಚಿನವರಿಗೆ ಆರು ಪ್ಯಾರಾಗಿಂತ ಹೆಚ್ಚು ಬರೆಯಲಾಗದು. ಆರಂಭದ ನಿಲುವು, ಪ್ರಾರ್ಥನೆ, ಅಜೀಜ, ಎದುರು ಪಕ್ಷ, ಮಲತಾಯಿ, ಕೊನೆ. ಇಷ್ಟೇ. ಕಾರ್ನಾಡರ ಜನನ, ಪ್ರಶಸ್ತಿಗಳಿಗೆ ಜಾಗವಿಲ್ಲ, ಪ್ರಶ್ನೆಯೂ ಅದನ್ನು ಕೇಳಿಲ್ಲ.

ತಂದೆತಾಯಿಗಳು ಮಾಡಬಹುದಾದದ್ದೂ ಇದೆ, ಅದಕ್ಕೆ ಅವರು ಸಾಹಿತ್ಯ ಓದಿರಬೇಕಾಗಿಲ್ಲ. ಪರೀಕ್ಷೆಯಿಂದ ಬಂದ ಮಗುವನ್ನು 'ಎಷ್ಟು ಪುಟ ಬರೆದೆ?' ಎಂದು ಕೇಳುವುದನ್ನು ಮೊದಲು ನಿಲ್ಲಿಸಬೇಕು. ಪುಟದ ಲೆಕ್ಕ ಕೇಳಿದ ಮನೆಯ ಮಗು ಪುಟ ತುಂಬಿಸುವುದನ್ನೇ ಕಲಿಯುತ್ತದೆ. ಅದರ ಬದಲು ಊಟಕ್ಕೆ ಕೂತಾಗ ಕೇಳಲಿ: 'ಈ ತುಘಲಕ್ ಒಳ್ಳೆಯವನೋ ಕೆಟ್ಟವನೋ?' ಮಗು ಒಳ್ಳೆಯವನು ಎಂದರೆ, 'ಹಾಗಾದರೆ ತಾಯಿಯನ್ನು ಯಾಕೆ ಕೊಲ್ಲಿಸಿದ?' ಎನ್ನಲಿ. ಕೆಟ್ಟವನು ಎಂದರೆ, 'ತನ್ನ ಮೇಲೇ ಕೇಸು ಹಾಕಲು ಬಿಟ್ಟನಲ್ಲ?' ಎನ್ನಲಿ. ಅನ್ನ ಸಾರು ಮುಗಿಯುವುದರೊಳಗೆ ಒಂದು ಪ್ರಬಂಧದ ಚೌಕಟ್ಟು ಸಿದ್ಧವಾಗಿರುತ್ತದೆ. ರಜೆಯಲ್ಲಿ ಮನೆಯವರೆಲ್ಲ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು. ಇದು ಆಡುವುದಕ್ಕಾಗಿ ಬರೆದ ಕೃತಿ. ಸಿ.ಆರ್. ಸಿಂಹ ಅವರ ತುಘಲಕನನ್ನು ರಂಗದ ಮೇಲೆ ಕಂಡವರು ಅದನ್ನು ಇಂದಿಗೂ ನೆನೆಯುತ್ತಾರೆ. ಅಜೀಜ ಮತ್ತು ಆಜಮ್ ಮಾತಾಡುವಾಗ ನಗು ಎಲ್ಲಿ ಬರುತ್ತದೆ, ಆ ನಗು ಎಲ್ಲಿ ನಿಂತುಹೋಗುತ್ತದೆ ಎಂಬುದು ಕಿವಿಗೆ ಬಿದ್ದಾಗಲೇ ತಿಳಿಯುವುದು.

ಇನ್ನು ಉತ್ತರದ ಕೊನೆಯ ಪ್ಯಾರಾ. 'ಹೀಗೆ' ಎಂದು ಶುರುಮಾಡಿ ಹಿಂದೆ ಹೇಳಿದ್ದನ್ನೆಲ್ಲ ಮತ್ತೆ ಹೇಳುವ ಅಭ್ಯಾಸ ಬಹಳ ಜನರಿಗಿದೆ. ಅದರ ಬದಲು ಅಲ್ಲಿಯವರೆಗೆ ಮುಟ್ಟದೆ ಉಳಿಸಿಕೊಂಡ ಒಂದು ಸಾಕ್ಷ್ಯವನ್ನು ಅಲ್ಲಿ ಇಡಬಹುದು. ಈ ಪ್ರಶ್ನೆಗೆ ನಿದ್ದೆ ಒದಗುತ್ತದೆ. ನಾಟಕದ ಆರಂಭದಲ್ಲಿ ರಾತ್ರಿ ನಿದ್ದೆಗೆಟ್ಟು ಮಹಾಯೋಜನೆಗಳನ್ನು ಹೆಣೆಯುತ್ತಿದ್ದ ಸುಲ್ತಾನ, ಕೊನೆಯ ದೃಶ್ಯದಲ್ಲಿ ಕೂತಲ್ಲೇ ನಿದ್ದೆಹೋಗುತ್ತಾನೆ, ತಾನೇ ಮತ್ತೆ ಜಾರಿಗೆ ತಂದ ಪ್ರಾರ್ಥನೆಯ ಕರೆ ಬರುವ ಹೊತ್ತಿಗೆ. ಎಚ್ಚರವಾದಾಗ ತಾನೆಲ್ಲಿದ್ದೇನೆ ಎಂಬುದೇ ಅವನಿಗೆ ತಿಳಿಯುವುದಿಲ್ಲ. ದುರಂತ ನಾಟಕದಲ್ಲಿ ನಾಯಕ ಸಾಯಲೇಬೇಕೆಂದು ಬಾಯಿಪಾಠ ಮಾಡಿದವರು, ಸಾವಿಲ್ಲದ ಈ ದುರಂತದ ಬಗ್ಗೆ ಎರಡು ಸಾಲು ಯೋಚಿಸಿ ಬರೆದು ಅಲ್ಲಿಗೇ ನಿಲ್ಲಿಸಬಹುದು.

ಉಳಿದ ನಾಲ್ಕು ನಿಮಿಷದಲ್ಲಿ ಹೆಸರುಗಳನ್ನು ಒಮ್ಮೆ ನೋಡಿಕೊಳ್ಳಬೇಕು. ಗಡಿಬಿಡಿಯಲ್ಲಿ ಇಮಾಮುದ್ದೀನ ಶಿಹಾಬುದ್ದೀನನಾಗಿರುತ್ತಾನೆ, ಅಜೀಜ ಆಜಮನಾಗಿರುತ್ತಾನೆ. ಕಚ್ಚಾ ಪುಟದ ಮೇಲೆ 'ಕಚ್ಚಾ ಕೆಲಸ' ಎಂದು ಬರೆದು ಒಂದು ಅಡ್ಡಗೆರೆ ಎಳೆಯಬೇಕು, ಆದರೆ ಓದಲು ಬಾರದಂತೆ ಗೀಚಿಹಾಕಬಾರದು.